ಬೆರಳ ಗೆಣ್ಣುಗಳ ಮೇಲೆ ನಾಣ್ಯದ ನಡಿಗೆ

ನಗದು ಕೌಂಟರಿನ ಹಿಂದೆ ಆಯುಷ್ಯ ಸವೆಸಿದವರ ಬೆರಳುಗಳಿಗೆ ನಾಣ್ಯದ ತೂಕ, ಅಂಚು, ಸವಕಲುತನ ಎಲ್ಲವೂ ಕಣ್ಣಿನ ನೆರವಿಲ್ಲದೆಯೇ ತಿಳಿಯುತ್ತಿದ್ದ ಕಾಲವೊಂದಿತ್ತು. ಎಣಿಸುವ ಯಂತ್ರಗಳು ಬಂದವು. 2016ರಲ್ಲಿ ಯುಪಿಐ ಬಂದ ತರುವಾಯ ತರಕಾರಿ ಗಾಡಿಯ ಮುಂದೆಯೂ ಚಿಲ್ಲರೆಯ ಸದ್ದು ಕ್ಷೀಣಿಸಿತು. ಈಗ ಮಹಾನಗರವಾಸಿಯ ಕೈಗೆ ಉಳಿದಿರುವ ಉದ್ಯೋಗ ಬಹುಪಾಲು ಎರಡೇ: ಫೋನಿನ ಗಾಜನ್ನು ಸವರುವುದು, ಲೋಕಲ್ ಗಾಡಿಯ ಹಿಡಿಕೆಯನ್ನು ಬಿಗಿಹಿಡಿಯುವುದು. ಐದು ಬೆರಳುಗಳೂ ಬೇರೆಬೇರೆಯಾಗಿ ದುಡಿಯಬೇಕಾದ ಕೆಲಸ ದಿನವಿಡೀ ಒಂದೂ ಬಾರದೆ ಹೋಗಬಹುದು. ಇಂತಹ ಕೈಗೆ ಒಂದು ನಾಣ್ಯವೇ ವ್ಯಾಯಾಮಶಾಲೆಯಾಗಬಲ್ಲುದು.

ಜಾದೂಗಾರರು ಮಾತನಾಡುತ್ತಿರುವಾಗಲೇ ನಾಣ್ಯವೊಂದು ಅವರ ಬೆರಳುಗಳ ಬೆನ್ನಿನ ಮೇಲೆ ಮಗುಚುತ್ತ ಮಗುಚುತ್ತ ನಡೆದುಹೋಗುವುದನ್ನು ಅನೇಕರು ಕಂಡಿರಬಹುದು. ಇದರಲ್ಲಿ ಕಣ್ಕಟ್ಟು ಏನೂ ಇಲ್ಲ, ನಡೆಯುವುದೆಲ್ಲ ಬಹಿರಂಗವಾಗಿಯೇ. ಬೇಲಿ ಹಾರುವ ಕುದುರೆಪಂದ್ಯದ ಹೆಸರಿನಿಂದ ಇದನ್ನು ‘ಸ್ಟೀಪಲ್‌ಚೇಸ್’ ಎಂದೂ ಕರೆಯುವುದುಂಟು. ನಾಣ್ಯದ ಚಮತ್ಕಾರಗಳನ್ನೇ ಜೀವನವೃತ್ತಿಯಾಗಿಸಿಕೊಂಡು ‘ನಾಣ್ಯಗಳ ರಾಜ’ ಎನಿಸಿದ ಅಮೆರಿಕದ ಟಿ. ನೆಲ್ಸನ್ ಡೌನ್ಸ್ (1867–1938) ಮೊದಲು ರೈಲ್ವೆಯ ತಂತಿ ಕಚೇರಿಯಲ್ಲಿದ್ದವನು. ಗುಮಾಸ್ತಗಿರಿಗೂ ಬೆರಳ ಚಳಕಕ್ಕೂ ವೈರವೇನಿಲ್ಲವೆಂಬುದಕ್ಕೆ ಇಷ್ಟು ಸಾಕು.

ಅಮೆರಿಕದ ಜಾದೂಗಾರರ ಮೆಚ್ಚಿನ ನಾಣ್ಯ ಅರ್ಧ ಡಾಲರು. ಅದರ ಅಡ್ಡಳತೆ 30.6 ಮಿಲಿಮೀಟರು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಹೆಚ್ಚುಕಡಿಮೆ ಅದೇ ಅಳತೆಯದು. ತೂಕ ಸರಿಯಾಗಿ ಒಂದು ತೊಲ. ಅಜ್ಜಿಯ ಪೆಟ್ಟಿಗೆಯಲ್ಲಿ ಅಂತಹುದೊಂದು ಉಳಿದಿದ್ದರೆ ಕಲಿಯುವವನ ಪುಣ್ಯ. ಇಲ್ಲವಾದರೆ 27 ಮಿಲಿಮೀಟರಿನ ಹತ್ತು ರೂಪಾಯಿ ನಾಣ್ಯ ಸಾಕು. ಈಗಿನ ಒಂದು ರೂಪಾಯಿ ತೀರ ಕಿರಿದು, ಹಗುರ. ಬೆರಳ ಸಂದಿನಲ್ಲಿ ಜಾರಿಹೋಗುತ್ತದೆ.

ಕ್ರಮ ಹೀಗೆ. ಬಲಗೈಯನ್ನು ಸಡಿಲವಾದ ಮುಷ್ಟಿಯಾಗಿಸಿ, ಬುಡದ ಗೆಣ್ಣಿಗೂ ನಡುಗೆಣ್ಣಿಗೂ ನಡುವಿನ ಭಾಗ ಮೇಲ್ಮುಖವಾಗಿ ಸಮತಟ್ಟಾಗಿರುವಂತೆ ಹಿಡಿಯಬೇಕು. ಹೆಬ್ಬೆರಳು ನಾಣ್ಯವನ್ನು ತೋರುಬೆರಳಿನ ಬೆನ್ನಿನ ಮೇಲಕ್ಕೆ ತಳ್ಳುತ್ತದೆ. ಹೊರಚಾಚಿದ ಅಂಚನ್ನು ನಡುಬೆರಳು ಕೊಂಚ ಮೇಲೆದ್ದು ಒತ್ತಿದಾಗ ನಾಣ್ಯ ಎರಡು ಬೆರಳುಗಳ ಸಂದಿನಲ್ಲಿ ನೆಟ್ಟಗೆ ನಿಂತು, ನಡುಬೆರಳ ಮೇಲೆ ಮಗುಚಿಕೊಳ್ಳುತ್ತದೆ. ಇದೇ ರೀತಿ ಉಂಗುರದ ಬೆರಳಿಗೆ; ಅಲ್ಲಿಂದ ಕಿರುಬೆರಳಿನ ಅಂಚಿಗೆ. ಕೊನೆಯ ಸಂದಿನಲ್ಲಿ ನಾಣ್ಯವನ್ನು ಕೆಳಗೆ ಜಾರಗೊಟ್ಟು, ಅಂಗೈಯಡಿಯಿಂದ ಬಂದ ಹೆಬ್ಬೆರಳು ಅದನ್ನು ತನ್ನ ತುದಿಯ ಮೇಲೆ ಹೊತ್ತು ಮೊದಲಿನ ಸ್ಥಾನಕ್ಕೆ ತರಬೇಕು.

ಓದಲು ಇಷ್ಟೇ. ಆದರೆ ನಡುಬೆರಳಿನವರೆಗೆ ಸರಾಗವಾಗಿ ಬಂದ ನಾಣ್ಯ ಉಂಗುರದ ಬೆರಳಿನ ಬಳಿ ಬಂದು ಠಣ್ಣನೆ ನೆಲಕ್ಕೆ ಬೀಳುತ್ತದೆ. ಹತ್ತು ಸಲ ಬಿದ್ದರೆ ಬಹುಪಾಲು ಅಲ್ಲೇ. ಕಲಿಯುವವನು ತನ್ನ ವಯಸ್ಸನ್ನು ಹಳಿಯುತ್ತಾನೆ; ದೋಷ ವಯಸ್ಸಿನದಲ್ಲ, ಕೈಯ ರಚನೆಯದು. ಬೆರಳುಗಳ ಒಳಗೆ ಅವುಗಳನ್ನು ಮಡಿಸುವ, ಎತ್ತುವ ಸ್ನಾಯುಗಳೇ ಇಲ್ಲ. ಅವಿರುವುದು ಮುಂಗೈಯಲ್ಲಿ, ಅಂಗೈಯಲ್ಲಿ. ಅಲ್ಲಿಂದ ಹಗ್ಗದಂತಹ ತಂತುಗಳು ಬೆರಳನ್ನು ಎಳೆಯುತ್ತವೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತುವುದಕ್ಕೆಂದು ಸಾಮಾನ್ಯವಾಗಿ ಸ್ವಂತದ್ದೊಂದು ಸ್ನಾಯುವಿದೆ. ಉಂಗುರದ ಬೆರಳಿಗೆ ಆ ಸೌಲಭ್ಯವಿಲ್ಲ. ಸಾಲದ್ದಕ್ಕೆ ಅದರ ತಂತು ಕೈಬೆನ್ನಿನಲ್ಲಿ ನೆರೆಯ ತಂತುಗಳೊಡನೆ ಅಡ್ಡಪಟ್ಟಿಗಳಿಂದ ಬೆಸೆದುಕೊಂಡಿದೆ. ಅಂಗೈಯನ್ನು ಮೇಜಿನ ಮೇಲೆ ಊರಿ, ನಡುಬೆರಳನ್ನು ಮಾತ್ರ ಒಳಕ್ಕೆ ಮಡಿಸಿ, ಉಂಗುರದ ಬೆರಳನ್ನು ಎತ್ತಲು ಯತ್ನಿಸಿದರೆ ಈ ಪಾರತಂತ್ರ್ಯ ಪ್ರತ್ಯಕ್ಷವಾಗುತ್ತದೆ. ತಂತುಗಳ ಬೆಸುಗೆಯನ್ನು ಅಭ್ಯಾಸ ಬಿಡಿಸಲಾರದು. ದೊರೆತಷ್ಟೇ ಚಲನೆಯನ್ನು ಸರಿಯಾದ ಕ್ಷಣದಲ್ಲಿ ಬಳಸುವುದನ್ನು ಮಿದುಳಿಗೆ ಕಲಿಸಬಲ್ಲುದು.

ಮಿದುಳು ಕಲಿಯುವುದೇ ಎಂಬ ಸಂದೇಹಕ್ಕೆ ಜರ್ಮನಿಯ ಸಂಶೋಧಕರ ಎರಡು ಪ್ರಯೋಗಗಳು ಸಮಾಧಾನ ನೀಡುತ್ತವೆ. ಮೂರು ತಿಂಗಳು ಮೂರು ಚೆಂಡುಗಳನ್ನು ಎಸೆದು ಹಿಡಿಯಲು ಕಲಿತ ಯುವಜನರ ಮಿದುಳಿನ ಕೆಲವು ಭಾಗಗಳಲ್ಲಿ ಬೂದುದ್ರವ್ಯ ಹೆಚ್ಚಿತ್ತೆಂದೂ, ಅಭ್ಯಾಸ ಬಿಟ್ಟಾಗ ಅದು ಇಳಿಯಿತೆಂದೂ 2004ರಲ್ಲಿ ವರದಿಯಾಯಿತು. 2008ರಲ್ಲಿ ಅರವತ್ತರ ಆಸುಪಾಸಿನವರಲ್ಲಿಯೂ ಅಂತಹ ಬದಲಾವಣೆ ಕಂಡಿತು. ಅವರಲ್ಲಿ ಯುವಕರಷ್ಟು ಚೆನ್ನಾಗಿ ಕಲಿತವರು ಕೆಲವರೇ. ಅವು ಚೆಂಡಿನ ಪ್ರಯೋಗಗಳು, ನಾಣ್ಯದವಲ್ಲ. ನಾಣ್ಯ ಉರುಳಿಸಿದರೆ ಸಂಧಿವಾತ ಗುಣವಾಗುವುದೆಂದಾಗಲಿ, ಮರೆವು ದೂರವಾಗುವುದೆಂದಾಗಲಿ ಹೇಳುವವರನ್ನು ನಂಬಬೇಕಾಗಿಲ್ಲ.

ದಿನಕ್ಕೆ ಹತ್ತು ನಿಮಿಷ ಸಾಕು. ಒಂದೇ ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ಇದು ಲೇಸು. ಮೊದಮೊದಲು ಒಂದೇ ಸಂದನ್ನು, ಮುಖ್ಯವಾಗಿ ನಡುಬೆರಳಿನಿಂದ ಉಂಗುರದ ಬೆರಳಿಗೆ ದಾಟುವುದನ್ನು, ಬೇರೆಯಾಗಿ ಅಭ್ಯಸಿಸಬೇಕು. ವೇಗ ತಾನಾಗಿ ಬರುತ್ತದೆ. ಅದನ್ನು ಬೆನ್ನಟ್ಟಿದವರ ಮುಷ್ಟಿ ಬಿಗಿಯುತ್ತದೆ, ಬಿಗಿದ ಮುಷ್ಟಿಯ ಮೇಲೆ ನಾಣ್ಯ ನಡೆಯದು. ಹಾಸಿಗೆಯ ಮೇಲೆ ಅಥವಾ ಮಡಿಸಿದ ಟವೆಲಿನ ಮೇಲೆ ಕೈಯಿಟ್ಟು ಕಲಿತರೆ ನಾಣ್ಯ ಕಪಾಟಿನಡಿಗೆ ಓಡದು, ಕೆಳಗಿನ ಮನೆಯವರ ನಿದ್ದೆಯೂ ಕೆಡದು.

ಬೆರಳು ಜೋಮು ಹಿಡಿದರೆ, ಗೆಣ್ಣು ಊದಿದ್ದರೆ, ಮಣಿಕಟ್ಟು ನೋಯುತ್ತಿದ್ದರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣುವುದು ಅಗತ್ಯ. ನೂರಾರು ಕೈ ದಾಟಿ ಬಂದ ನಾಣ್ಯವನ್ನು ಮೊದಲು ಸಾಬೂನಿನಿಂದ ತೊಳೆಯಬೇಕು. ಅಭ್ಯಾಸ ಮುಗಿದೊಡನೆ ಅದನ್ನು ಎತ್ತರದಲ್ಲಿಡಬೇಕು. ಅಜ್ಜನ ಆಟವನ್ನು ಬೆರಗಿನಿಂದ ನೋಡಿದ ಮಗು ನಾಣ್ಯವನ್ನು ಮೊದಲು ಇಡುವುದು ಗೆಣ್ಣಿನ ಮೇಲಲ್ಲ, ಬಾಯಿಯಲ್ಲಿ.