ಲಾರಿಯ ಹಿಂದಿನ ಅಚ್ಚನ್ನು ಬಲಪಡಿಸುವುದು: ದುರಸ್ತಿಯೋ, ಮಾರ್ಪಾಡೋ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳ ವ್ಯಾಪಾರವು ಲಾರಿಯ ಹಿಂದಿನ ಅಚ್ಚಿನ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿ, ಈರುಳ್ಳಿ, ಹುಣಸೆಹಣ್ಣು, ಕಬ್ಬು, ಜಲ್ಲಿ, ನೆರೆಯ ಸಂಡೂರಿನ ಅದಿರು. ಹಡಗಲಿಯ ಮಲ್ಲಿಗೆಯೊಂದನ್ನು ಬಿಟ್ಟರೆ ಈ ಭಾಗದಲ್ಲಿ ಸಾಗುವ ಸರಕೆಲ್ಲವೂ ತೂಕದ ಸರಕೇ ಆಗಿರುತ್ತದೆ. ಒಂದೆರಡು ಲಾರಿಗಳನ್ನು ಇಟ್ಟುಕೊಂಡು ಜೀವನ ನಡೆಸುವ ಸದಸ್ಯ ಬಾಂಧವರು ವರ್ಷಾಂತ್ಯದಲ್ಲಿ ತರುವ ಬಿಲ್ಲುಗಳ ಕಟ್ಟಿನಲ್ಲಿ ಡೀಸೆಲ್ ಮತ್ತು ಟೈರುಗಳ ನಂತರ ಹೆಚ್ಚಾಗಿ ಕಾಣಸಿಗುವುದು ಹಿಂದಿನ ಆಕ್ಸಲ್ಲಿನ ಕೆಲಸ: ಬೇರಿಂಗ್, ಆಯಿಲ್ ಸೀಲ್, ಕ್ರೌನ್-ಪಿನಿಯನ್, ಯು-ಬೋಲ್ಟ್. ಇವುಗಳ ನಡುವೆ ಒಂದು ಬಗೆಯ ಬಿಲ್ಲು ಮಾತ್ರ ನನ್ನನ್ನು ಸದಾ ನಿಲ್ಲಿಸಿ ಓದಿಸುತ್ತದೆ. ಕಂಪನಿಯಿಂದ ಬಂದ ಆಕ್ಸಲ್ ಹೌಸಿಂಗಿಗೆ ಹೆಚ್ಚುವರಿ ಪ್ಲೇಟು ಬೆಸೆದು, ಕಮಾನಿಗೆ ಮತ್ತೆರಡು ಪಟ್ಟಿ ಸೇರಿಸಿ, 'ಸ್ಟ್ರಾಂಗ್ ಮಾಡಿದ್ದು' ಎಂದು ಬರೆದ ಬಿಲ್ಲು ಅದು.

ಈ 'ಸ್ಟ್ರಾಂಗ್' ಎಂಬುದು ಯಂತ್ರಶಾಸ್ತ್ರ, ಮೋಟಾರು ವಾಹನ ಕಾಯಿದೆ, ವಿಮಾ ಪಾಲಿಸಿ ಮತ್ತು ಆದಾಯ ತೆರಿಗೆ ಈ ನಾಲ್ಕರಲ್ಲಿಯೂ ಒಂದೇ ಪ್ರಶ್ನೆಯನ್ನು ಎಬ್ಬಿಸುತ್ತದೆ. ಇದ್ದುದನ್ನು ಮೊದಲಿನಂತೆ ಮಾಡಲಾಯಿತೋ, ಇಲ್ಲದ್ದನ್ನು ಹೊಸದಾಗಿ ಪಡೆಯಲಾಯಿತೋ? ಮೊದಲನೆಯದಕ್ಕೆ ನಾಲ್ಕೂ ಕಡೆ ರಕ್ಷಣೆಯುಂಟು. ಎರಡನೆಯದಕ್ಕೆ ಎಲ್ಲಿಯೂ ಸುಲಭದ ಆಸರೆಯಿಲ್ಲ.

ಭಾರ ಹೊರುವುದು ಯಾವುದು?

ಎತ್ತಿನ ಬಂಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಅದು ಭಾರವನ್ನು ಹೊತ್ತು ಸುಮ್ಮನಿರುತ್ತದೆ, ಗಾಲಿ ಅದರ ತುದಿಯಲ್ಲಿ ತಿರುಗುತ್ತದೆ. ನಮ್ಮ ಭಾರಿ ಲಾರಿಗಳ ಹಿಂದಿನ ಆಕ್ಸಲ್ ಸಹ ಇದೇ ತತ್ತ್ವವನ್ನು ಅನುಸರಿಸಿದೆ. ಹೊರಗಿನ ಟೊಳ್ಳಾದ ಹೌಸಿಂಗ್ ಬಂಡಿಯ ಅಚ್ಚಿನಂತೆ ಭಾರ ಹೊರುತ್ತದೆ. ಅದರ ತುದಿಯಲ್ಲಿ ಎರಡು ಬೇರಿಂಗುಗಳ ಮೇಲೆ ಹಬ್ ಕುಳಿತಿರುತ್ತದೆ. ಒಳಗಿನ ಶಾಫ್ಟ್ ಕೇವಲ ತಿರುಗಿಸುವ ಕೆಲಸ ಮಾಡುತ್ತದೆ. ಕೆಟ್ಟುನಿಂತ ಲಾರಿಯನ್ನು ಎಳೆದೊಯ್ಯುವ ಮುನ್ನ ಮೆಕ್ಯಾನಿಕ್ಕು ಗಾಲಿಯನ್ನು ಬಿಚ್ಚದೆಯೇ ಶಾಫ್ಟನ್ನು ಹೊರಗೆಳೆಯುವುದನ್ನು ಹೆದ್ದಾರಿಯಲ್ಲಿ ಎಲ್ಲರೂ ಕಂಡಿದ್ದೇವೆ. ಶಾಫ್ಟ್ ಇಲ್ಲದೆಯೂ ಲಾರಿ ನಿಂತಿರಬಲ್ಲುದು ಎಂಬುದೇ ಅದು ಭಾರ ಹೊರುವುದಿಲ್ಲವೆಂಬುದಕ್ಕೆ ಸಾಕ್ಷಿ.

ಅಮೆರಿಕದ ಅಧಿಕ ಶಕ್ತಿಯ 'ಮಸಲ್ ಕಾರು'ಗಳಲ್ಲಿ ಸಾಮಾನ್ಯವಾಗಿ ಹೀಗಿಲ್ಲ. ಅಲ್ಲಿ ಒಂದೇ ಶಾಫ್ಟ್ ಭಾರವನ್ನೂ ಹೊತ್ತು ಗಾಲಿಯನ್ನೂ ತಿರುಗಿಸುತ್ತದೆ. ಇಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಂಡ ಹವ್ಯಾಸಿಗಳು ದಪ್ಪನೆಯ ಶಾಫ್ಟ್ ಹಾಕಿಸುತ್ತಾರೆ, ಹೌಸಿಂಗಿಗೆ ಆಧಾರಪಟ್ಟಿ ಬೆಸೆಯಿಸುತ್ತಾರೆ, ಇಲ್ಲವೇ ಫೋರ್ಡ್ ಕಂಪನಿಯು 1957ರಲ್ಲಿ ತಂದ 9 ಅಂಗುಲದ ಆಕ್ಸಲ್ಲಿನಂತಹ ಗಟ್ಟಿ ಘಟಕವನ್ನೇ ಇಡಿಯಾಗಿ ಕೂರಿಸುತ್ತಾರೆ. ಅವರ ವೈರಿ ತಿರುಚುವ ಬಲ. ನಮ್ಮ ವೈರಿ ತೂಕ. ಆದರೂ ಎರಡಕ್ಕೂ ಸಮಾನವಾದ ಒಂದು ಸಂಗತಿಯಿದೆ. ಗಾಲಿ ನೆಲದ ಮೇಲೆ ಜಾರುವುದು ಆಕ್ಸಲ್ಲಿಗೆ ವಿದ್ಯುತ್ತಿನ ಫ್ಯೂಜ್ ಇದ್ದಂತೆ. ಬಲ ಮಿತಿಮೀರಿದಾಗ ಟೈರು ಜಾರಿ ಶಾಫ್ಟನ್ನು ಉಳಿಸುತ್ತದೆ. ರೇಸಿನ ಟೈರು ನೆಲವನ್ನು ಬಿಗಿಯಾಗಿ ಹಿಡಿದು ಆ ಫ್ಯೂಜನ್ನು ತೆಗೆದುಹಾಕುತ್ತದೆ, ಲಾರಿಯಲ್ಲಿ ಅದೇ ಕೆಲಸವನ್ನು ಅಧಿಕ ಭಾರ ಮಾಡುತ್ತದೆ. 400 ನ್ಯೂಟನ್-ಮೀಟರಿನ ಇಂಜಿನ್, ಮೊದಲ ಗೇರಿನಲ್ಲಿ 7 ಪಟ್ಟು, ಡಿಫರೆನ್ಷಿಯಲ್ಲಿನಲ್ಲಿ 6 ಪಟ್ಟು ಎಂದು ಹಿಡಿದರೆ ಆಕ್ಸಲ್ಲಿಗೆ ಬರುವ ಬಲ 16,800 ನ್ಯೂಟನ್-ಮೀಟರ್. ಏರಿನಲ್ಲಿ ನಿಂತ ತುಂಬು ಲಾರಿಯ ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ ಟೈರು ಜಾರದಿದ್ದರೆ ಕ್ಷಣಕಾಲ ಇದಕ್ಕಿಂತಲೂ ಹೆಚ್ಚಿನ ಹೊಡೆತ ಬೀಳುತ್ತದೆ.

ಇನ್ನು ಹೌಸಿಂಗಿನ ವಿಷಯ. ಕಮಾನುಗಳು ಒಳಗೆ, ಗಾಲಿಗಳು ಹೊರಗೆ ಇರುವುದರಿಂದ ಹೌಸಿಂಗ್ ತೊಲೆಯಂತೆ ಬಾಗುತ್ತದೆ: ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಬಿರುಕು ಹುಟ್ಟುವುದು ಬಹುಮಟ್ಟಿಗೆ ಎಳೆತವಿರುವ ಕೆಳಭಾಗದಲ್ಲಿ. ಬಲಪಡಿಸುವವರು ಪ್ಲೇಟು ಬೆಸೆಯುವುದೂ ಅಲ್ಲಿಯೇ. ಬೆಸುಗೆಯ ಅಂಚೇ ಹೊಸ ಬಿರುಕಿನ ತವರಾಗುತ್ತದೆ. ಬೆಸುಗೆ ಹಾಕಿದ ಜಾಗದಲ್ಲಿ ಒತ್ತಡ ಇಮ್ಮಡಿಯಾದರೆ ಅದರ ಆಯುಸ್ಸು ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಅಲ್ಲದೆ ಒಂದೇ ಪಕ್ಕದಲ್ಲಿ ಉದ್ದಕ್ಕೆ ಬೆಸುಗೆ ಎಳೆದರೆ ಆರುವಾಗ ಲೋಹ ಕುಗ್ಗಿ, ಹೌಸಿಂಗ್ ನೇರ ತಪ್ಪುತ್ತದೆ.

ನೇರ ತಪ್ಪಿದ ಹೌಸಿಂಗಿನ ಪರಿಣಾಮಗಳು ಸರಪಳಿಯಂತೆ ಬರುತ್ತವೆ. ಭಾರಕ್ಕೆ ಬಾಗಿದ ಹೌಸಿಂಗಿನಲ್ಲಿ ಗಾಲಿಗಳ ತಲೆ ಒಳಕ್ಕೆ ವಾಲುವುದರಿಂದ ಜೋಡಿ ಟೈರುಗಳ ಪೈಕಿ ಒಳಗಿನದು ಬೇಗ ಸವೆಯುತ್ತದೆ. ಹಬ್ಬಿನ ಬೇರಿಂಗ್ ಒಂದು ಬದಿಗೆ ಕಾಯುತ್ತದೆ. ಶಾಫ್ಟಿನ ಫ್ಲೇಂಜ್ ಬೋಲ್ಟುಗಳು ಸಡಿಲವಾಗುತ್ತವೆ. ಆಯಿಲ್ ಸೀಲ್ ಸೋರುತ್ತದೆ, ಆ ಎಣ್ಣೆ ಬ್ರೇಕ್ ಡ್ರಮ್ಮಿನೊಳಕ್ಕೆ ಇಳಿಯುತ್ತದೆ. ಹೌಸಿಂಗನ್ನು ಎಷ್ಟೇ ದಪ್ಪ ಮಾಡಿದರೂ ಬ್ರೇಕ್, ಟೈರು, ಹಬ್ ಮತ್ತು ಚಾಸಿಗಳು ಹಳೆಯವೇ ಆಗಿರುತ್ತವೆ. ಅಚ್ಚು ಮುರಿದರೆ ಲಾರಿ ನಿಲ್ಲುತ್ತದೆ. ಅಚ್ಚು ಮುರಿಯದೆ ಬ್ರೇಕ್ ಕೈಕೊಟ್ಟರೆ ಲಾರಿ ನಿಲ್ಲುವುದಿಲ್ಲ.

ಅದಿರಿನ ಕಾಲದ ಬಳುವಳಿ

ಈ ವಿದ್ಯೆ ನಮ್ಮ ಭಾಗದಲ್ಲಿ ಹಬ್ಬಿದ್ದು ಅದಿರಿನ ಏರುಗಾಲದಲ್ಲಿ. 2003ರ ನಂತರ ಚೀನಾದ ಬೇಡಿಕೆಯಿಂದ ಸಂಡೂರು-ಹೊಸಪೇಟೆಯ ಅದಿರಿಗೆ ಬೆಲೆ ಬಂದಾಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ಮಾರ್ಗವಾಗಿ ಬೇಲೇಕೇರಿ ಮತ್ತು ಕಾರವಾರದ ಕಡೆಗೆ ಲಾರಿಗಳ ಸಾಲು ಹೊರಟಿತು. ಬಾಡಿಗೆ ಟನ್ನಿನ ಲೆಕ್ಕದಲ್ಲಿದ್ದುದರಿಂದ ಹೆಚ್ಚು ತುಂಬಿದವನೇ ಜಾಣನೆನಿಸಿದನು. 2005ರ ನವೆಂಬರಿನಲ್ಲಿಯೇ ಸುಪ್ರೀಂ ಕೋರ್ಟು ಪರಮಜಿತ್ ಭಸಿನ್ ಪ್ರಕರಣದಲ್ಲಿ, ದಂಡ ಕಟ್ಟಿಸಿಕೊಂಡು ಅಧಿಕ ಭಾರದೊಡನೆಯೇ ಮುಂದೆ ಬಿಡುವ ಪದ್ಧತಿಗೆ ಅವಕಾಶವಿಲ್ಲವೆಂದು ಹೇಳಿತ್ತು. ಅದನ್ನು ಆಗ ಕೇಳಿದವರು ಕಡಿಮೆ. 2010ರ ಜುಲೈನಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ತಡೆಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಸಾಲದ ಲಾರಿಗಳು ಮನೆಯ ಮುಂದೆ ನಿಂತವು. ಗಣಿಗಳು ಮುಂದೆ ನಿಬಂಧನೆಗಳೊಡನೆ ತೆರೆದವಾದರೂ ಆ ದಿನಗಳ ಬಾಡಿಗೆ ಮರಳಲಿಲ್ಲ. 'ಸ್ಟ್ರಾಂಗ್' ಮಾಡಿಸುವ ಅಭ್ಯಾಸವೊಂದು ಉಳಿಯಿತು.

ಕಾಯಿದೆಯ ದೃಷ್ಟಿ

2018ರ ಜುಲೈನಲ್ಲಿ ಕೇಂದ್ರ ಸರಕಾರವು ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು 10.2ರಿಂದ 11.5 ಟನ್ನಿಗೂ, ಜೋಡಿ ಅಚ್ಚಿನ ಮಿತಿಯನ್ನು 19ರಿಂದ 21 ಟನ್ನಿಗೂ ಏರಿಸಿತು. ಆದರೆ ತನಿಖೆಯ ವೇಳೆ ನೋಡುವುದು ಆಯಾ ಲಾರಿಯ ನೋಂದಣಿ ಪತ್ರದಲ್ಲಿರುವ ತೂಕವನ್ನು. ಎಷ್ಟು ಪ್ಲೇಟು ಬೆಸೆದರೂ ಆ ಅಂಕಿ ಒಂದು ಕಿಲೋ ಸಹ ಏರುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಕಮಾನಿಗೆ ಒಂದು ಪಟ್ಟಿ ಸೇರಿಸಿದ್ದು ಈ ಕಲಮಿನೊಳಗೆ ಬರುತ್ತದೆಯೇ ಎಂದು ವಕೀಲರು ವಾದಿಸಬಹುದು. ಅಪಘಾತದ ನಂತರ ಆ ವಾದ ಮಾಡುವ ಪರಿಸ್ಥಿತಿ ಯಾರಿಗೂ ಬೇಡ.

ಅಧಿಕ ಭಾರಕ್ಕೆ 194ನೆಯ ಕಲಮಿನಲ್ಲಿರುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ. ಲೆಕ್ಕಕ್ಕಾಗಿ ಟನ್ನಿಗೆ 600 ರೂಪಾಯಿ ಬಾಡಿಗೆ, 4 ಟನ್ ಅಧಿಕ ಭಾರವೆಂದು ಭಾವಿಸೋಣ. ಒಂದು ಟ್ರಿಪ್ಪಿನ ಹೆಚ್ಚುವರಿ ಆದಾಯ 2,400 ರೂಪಾಯಿ. ಒಮ್ಮೆ ಸಿಕ್ಕಿಬಿದ್ದರೆ ಕಟ್ಟಬೇಕಾದದ್ದು 28,000 ರೂಪಾಯಿ, ಅಂದರೆ ಸುಮಾರು ಹನ್ನೆರಡು ಟ್ರಿಪ್ಪುಗಳ ಹೆಚ್ಚುವರಿ ಗಳಿಕೆ. ಭಾರ ಇಳಿಸುವ ಹಮಾಲಿ, ಬದಲಿ ಲಾರಿ, ಕಳೆದ ದಿನ ಇದರಲ್ಲಿ ಸೇರಿಲ್ಲ. ಟೈರು, ಡೀಸೆಲ್ಲುಗಳ ಸವೆತವೂ ಸೇರಿಲ್ಲ.

ರಸ್ತೆಗಾಗುವ ಹಾನಿ ಯಾರ ಖಾತೆಗೂ ಬರುವುದಿಲ್ಲವಾದ್ದರಿಂದ ಅದನ್ನು ಕುರಿತು ಒಂದು ಮಾತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ, ರಸ್ತೆಯ ಹಾನಿಯು ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆಂದು ತಿಳಿದುಬಂದಿತು. 10.2 ಟನ್ನಿನ ಅಚ್ಚಿನ ಮೇಲೆ 15 ಟನ್ ಹೇರಿದರೆ ಭಾರ ಒಂದೂವರೆ ಪಟ್ಟು, ಹಾನಿ ನಾಲ್ಕೂವರೆ ಪಟ್ಟಿಗೂ ಮಿಕ್ಕಿ. ಹಳ್ಳಿಯ ರಸ್ತೆಗಳ ತಗ್ಗುಗಳಲ್ಲಿ ಕುಲುಕಾಡಿ ಮುರಿಯುವ ನಮ್ಮ ಕಮಾನುಗಳಿಗೆ ಆ ತಗ್ಗುಗಳನ್ನು ತೋಡಿಕೊಟ್ಟವರು ನಾವೇ.

ವಿಮೆ ಮತ್ತು ತೆರಿಗೆ

ಸರಕು ಸಾಗಣೆ ವಾಹನದ ಪ್ಯಾಕೇಜ್ ಪಾಲಿಸಿಯನ್ನು ಓದಿದವರು ವಿರಳ. ಸವೆತ, ಯಾಂತ್ರಿಕ ವೈಫಲ್ಯ, ಅಧಿಕ ಭಾರ ಅಥವಾ ಎಳೆತದಿಂದಾದ ಹಾನಿಗೆ ಕಂಪನಿ ಹೊಣೆಯಲ್ಲವೆಂದು ವಾಹನ ಹಾನಿಯ ಭಾಗದಲ್ಲಿಯೇ ಬರೆದಿರುತ್ತದೆ. ಸರ್ವೇಯರ್ ಬಂದಾಗ ಬೆಸೆದ ಪ್ಲೇಟೇ ಮೊದಲು ಮಾತಾಡುತ್ತದೆ.

ಆದಾಯ ತೆರಿಗೆಯಲ್ಲಿ 'ಚಾಲ್ತಿ ದುರಸ್ತಿ'ಯ ವೆಚ್ಚವನ್ನು ಅದೇ ವರ್ಷ ಪೂರ್ಣವಾಗಿ ಕಳೆಯಬಹುದು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚ ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಅನುಕೂಲವನ್ನು ತರುವ ವೆಚ್ಚ ಬಂಡವಾಳ ಎಂಬ ಅಳತೆಗೋಲನ್ನು ಸುಪ್ರೀಂ ಕೋರ್ಟು 1997ರ ಬಲ್ಲಿಮಲ್ ನವಲ್ ಕಿಶೋರ್ ತೀರ್ಪಿನಲ್ಲಿ ಒಪ್ಪಿದೆ. ಬಂಡವಾಳವಾದರೆ ಸವಕಳಿಯ ಮೂಲಕ ವರ್ಷ ವರ್ಷ ಕಳೆಯಬೇಕು. ಮುರಿದ ಹೌಸಿಂಗಿಗೆ ಬದಲಾಗಿ ಅದೇ ದರ್ಜೆಯದನ್ನು ಹಾಕಿಸಿದರೆ ದುರಸ್ತಿಯೆಂದು ಧೈರ್ಯವಾಗಿ ಬರೆಯಬಹುದು. ಕಕ್ಷಿದಾರರೊಬ್ಬರು ತಂದ ಬಿಲ್ಲಿನಲ್ಲಿ 'ಹೆಚ್ಚು ಲೋಡ್ ಹೊರಲು ಆಕ್ಸಲ್ ಸ್ಟ್ರಾಂಗ್ ಮಾಡಿದ್ದು' ಎಂದೇ ಇತ್ತು. ಗ್ಯಾರೇಜಿನವನು ಪ್ರಾಮಾಣಿಕನೇ ಸರಿ. ತೆರಿಗೆ ಅಧಿಕಾರಿಗೆ ಹೊಸ ಅನುಕೂಲ, ಸಾರಿಗೆ ಅಧಿಕಾರಿಗೆ ಮಾರ್ಪಾಡು, ವಿಮಾ ಕಂಪನಿಗೆ ಅಧಿಕ ಭಾರ, ಮೂವರಿಗೂ ಬೇಕಾದ ಸಾಕ್ಷ್ಯವನ್ನು ಒಂದೇ ಸಾಲಿನಲ್ಲಿ ಒದಗಿಸಿದ್ದನು.

ಹತ್ತಕ್ಕಿಂತ ಹೆಚ್ಚು ವಾಹನಗಳಿಲ್ಲದ ಮಾಲೀಕರಲ್ಲಿ ಹಲವರು ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಳ್ಳುತ್ತಾರೆ. 12 ಟನ್ನಿಗೂ ಮೇಲ್ಪಟ್ಟ ವಾಹನಕ್ಕೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಎಂಬ ಈ ಲೆಕ್ಕ 2018ರಲ್ಲಿ 44ಎಇ ಕಲಮಿಗೆ ಸೇರಿತು. 2025ರ ಹೊಸ ಆದಾಯ ತೆರಿಗೆ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. 16.2 ಟನ್ನಿನ ಲಾರಿಗೆ ವರ್ಷಕ್ಕೆ 1,94,400 ರೂಪಾಯಿ ಆದಾಯವೆಂದು ತೋರಿಸಿದ ಮೇಲೆ ದುರಸ್ತಿಯ ಬಿಲ್ಲುಗಳಿಗೆ ಪ್ರತ್ಯೇಕ ಕಡಿತವಿಲ್ಲ. ಅಂಥವರು ಆಕ್ಸಲ್ಲಿಗೆ ಸುರಿಯುವ ಪ್ರತಿ ರೂಪಾಯಿಯೂ ಸ್ವಂತ ಜೇಬಿನದು.

ಹಾಗಾದರೆ ಹಣವನ್ನು ಎಲ್ಲಿ ಹಾಕಬೇಕು? ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ, ಹಳೆಯ ಹೌಸಿಂಗಿಗೆ ತೇಪೆ ಹಾಕಿಸುವುದಕ್ಕಿಂತ ಅದೇ ದರ್ಜೆಯ ಹೊಸದನ್ನು ತರಿಸುವುದು ಮೊದಲಿಗಿಂತ ಹಗುರವಾಗಿದೆ. ನಿಜವಾಗಿಯೂ ಹೆಚ್ಚು ಟನ್ ಬೇಕಿರುವವರು ಮತ್ತೊಂದು ಅಚ್ಚಿರುವ ಲಾರಿಯನ್ನೇ ಕೊಳ್ಳತಕ್ಕದ್ದು. ಸಾಲದ ಕಂತನ್ನು ಅನುಮತಿಯಿರುವ ಟನ್ನಿನ ಬಾಡಿಗೆಯಿಂದಲೇ ತೂಗಿನೋಡಿ ಕೊಳ್ಳತಕ್ಕದ್ದು. ಇರುವ ಲಾರಿಯ ಮಟ್ಟಿಗೆ, ಕಮಾನು ಬಿಚ್ಚಿ ಕಟ್ಟಿದ ನಂತರ ಕೆಲವು ನೂರು ಕಿಲೋಮೀಟರ್ ಓಡಿಸಿ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ಒಳಟೈರಿನ ಸವೆತವನ್ನು ಹೊರಟೈರಿನೊಡನೆ ಹೋಲಿಸಿ ನೋಡುತ್ತಿರಬೇಕು. ಹೌಸಿಂಗಿನ ಮೇಲಿರುವ ಗಾಳಿಮೂತಿಯನ್ನು ಕೆಸರು ಮುಚ್ಚಿದೆಯೇ ಎಂದು ಪ್ರತಿ ಸರ್ವೀಸಿನಲ್ಲಿ ಪರೀಕ್ಷಿಸಬೇಕು. ಅದು ಮುಚ್ಚಿಕೊಂಡರೆ ಕಾದ ಎಣ್ಣೆಯ ಒತ್ತಡಕ್ಕೆ ಹೊಸ ಸೀಲ್ ಸಹ ಸೋರುತ್ತದೆ. ಅದನ್ನು ಸ್ವಚ್ಛಗೊಳಿಸಲು ಒಂದು ತಂತಿಯ ತುಂಡು ಸಾಕಾಗುತ್ತದೆ.