ವಾರದ ಶುಗರ್ ಇಂಜೆಕ್ಷನ್: ಒಂದೆರಡು ತಿಂಗಳಿಗಷ್ಟೇ ದುಡ್ಡಿದ್ರೆ ನಡೆಯುತ್ತಾ?

ಇವತ್ತಿನ ಸಂಚಿಕೆಗೆ ಕಾರಣ ಹೇಮಗುಡ್ಡದಿಂದ ಬಂದ ಒಂದು ವಾಯ್ಸ್ ಮೆಸೇಜ್. ಕಳಿಸಿದ್ದು ನಮ್ಮ ದೊಡ್ಡವ್ವನ ಮಗ. "ಅಕ್ಕಾ, ಅವ್ವಗ ಶುಗರ್ ಇಳಿವಲ್ದು. ವಾರಕ್ಕೊಂದು ಇಂಜೆಕ್ಷನ್ ಬಂದೈತಂತಲ್ಲ, ತೂಕಾನೂ ಇಳಿತೈತಂತ. ಬೈಕ್ ಮಾರಿ ಒಂದೆರಡು ತಿಂಗಳ ಹಾಕ್ಸಿ ನೋಡೂನೇನು?"

ತಮಾಷೆಗೆ ಕೇಳಿದ್ದಲ್ಲ. ಅವನು ಗಂಗಾವತಿ ಕಡೆ ಕಾಲುವೆ ಕೆಳಗೆ ಲಾವಣಿಗೆ ಗದ್ದೆ ಮಾಡ್ತಾನೆ. ತುಂಗಭದ್ರಾ ಅಣೆಕಟ್ಟೆಯ ಗೇಟ್‌ಗಳನ್ನ ಬದಲಿಸೋ ಕೆಲಸದಿಂದಾಗಿ ಈ ಸಲ ಎರಡನೇ ಬೆಳೆಗೆ ನೀರಿಲ್ಲ. ಇದನ್ನ ರೆಕಾರ್ಡ್ ಮಾಡ್ತಿರೋದು 2026ರ ಜನವರಿಯಲ್ಲಿ. ಮುಂದಿನ ಭತ್ತದ ದುಡ್ಡು ಕೈಗೆ ಬರೋದು ವರ್ಷದ ಕೊನೆಗೆ.

ಮೊದಲು ಔಷಧ ಏನು ಅಂತ ನೋಡೋಣ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಬಿಡುತ್ತೆ. ಸೆಮಾಗ್ಲುಟೈಡ್ ಅದನ್ನೇ ಅನುಕರಿಸುತ್ತೆ. ಸಕ್ಕರೆ ಏರಿದಾಗ ಇನ್ಸುಲಿನ್ ಹೆಚ್ಚಿಸುತ್ತೆ, ಹೊಟ್ಟೆ ನಿಧಾನಕ್ಕೆ ಖಾಲಿಯಾಗೋ ಹಾಗೆ ಮಾಡುತ್ತೆ, ಹಸಿವು ತಗ್ಗಿಸುತ್ತೆ. ಇದು ಇನ್ಸುಲಿನ್ ಅಲ್ಲ, ಟೈಪ್ 1 ಇರೋರಿಗೆ ಇನ್ಸುಲಿನ್ ಬದಲಿಗೆ ಕೊಡೋ ಹಾಗೂ ಇಲ್ಲ. ಇದೇ ಔಷಧ ಟೈಪ್ 2 ಮಧುಮೇಹಕ್ಕೆ ಒಜೆಂಪಿಕ್, ತೂಕಕ್ಕೆ ವೆಗೋವಿ ಅನ್ನೋ ಹೆಸರಲ್ಲಿ ಬರುತ್ತೆ. ಮೌಂಜಾರೋ ಬೇರೆ, ಅದರಲ್ಲಿರೋದು ಟಿರ್ಜೆಪಟೈಡ್.

ಈಗ ರೇಟು. ಮೌಂಜಾರೋ 2025ರ ಮಾರ್ಚ್‌ನಲ್ಲಿ ಬಂದಾಗ ಅತಿ ಕಡಿಮೆ ಡೋಸ್‌ನ ಒಂದು ವಯಲ್‌ಗೆ, ಅಂದ್ರೆ ಒಂದು ವಾರಕ್ಕೆ, 3,500 ರೂಪಾಯಿ ಇತ್ತು. ಒಜೆಂಪಿಕ್ ಬಂದಿದ್ದು ಡಿಸೆಂಬರ್‌ನಲ್ಲಿ: 0.25 ಮಿಲಿಗ್ರಾಂ ಪೆನ್ 8,800, ಅರ್ಧ ಮಿಲಿಗ್ರಾಂದು 10,170, ಒಂದು ಮಿಲಿಗ್ರಾಂದು 11,175 ರೂಪಾಯಿ. ಒಂದು ಪೆನ್ನು ನಾಲ್ಕು ವಾರಕ್ಕೆ.

ನಮ್ಮ ಹುಡುಗ ಎಡವಿದ್ದು ಇಲ್ಲೇ. ರೀಲ್ಸ್‌ನಲ್ಲಿ ಅವನು ನೋಡಿದ್ದು 8,800 ಮಾತ್ರ. ಅದು ಹೊಟ್ಟೆಗೆ ಅಭ್ಯಾಸ ಮಾಡಿಸೋ ಡೋಸ್. ವಾಕರಿಕೆ, ವಾಂತಿ ಕಡಿಮೆ ಇರಲಿ ಅಂತ ಅಲ್ಲಿಂದ ಶುರು ಮಾಡ್ತಾರೆ. ಸಕ್ಕರೆ ಹತೋಟಿಯ ಲೆಕ್ಕ ಶುರುವಾಗೋದು ಅರ್ಧ ಮಿಲಿಗ್ರಾಂನಿಂದ. ವರ್ಷಕ್ಕೆ 52 ವಾರ, ಅಂದ್ರೆ 12 ಅಲ್ಲ, 13 ಪೆನ್ನು. ಅರ್ಧ ಮಿಲಿಗ್ರಾಂನಲ್ಲೇ ನಿಂತರೂ ವರ್ಷದ ಖರ್ಚು 1,30,840 ರೂಪಾಯಿ. ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಮೊದಲನೇ ಪೆನ್ನಿಗೇ 24 ದಿನದ ದುಡಿಮೆ. ನಾಲ್ಕು ತಿಂಗಳ ಗೃಹಲಕ್ಷ್ಮಿ ಹಣ ಕೂಡಿಟ್ಟರೂ ಅದು ಬರಲ್ಲ. ಆಯುಷ್ಮಾನ್ ಕಾರ್ಡ್ ಇರೋದು ಆಸ್ಪತ್ರೆಗೆ ದಾಖಲಾಗೋ ಚಿಕಿತ್ಸೆಗೆ, ಮನೇಲಿ ಚುಚ್ಚಿಕೊಳ್ಳೋ ಪೆನ್ನಿಗಲ್ಲ.

ಎರಡು ತಿಂಗಳು ಹಾಕ್ಸಿ ಬಿಟ್ರೆ? ಔಷಧ ಹೋದಂಗೆ ಹಸಿವು ವಾಪಸ್ ಬರುತ್ತೆ. ತೂಕಕ್ಕಾಗಿ ತಗೊಂಡು ನಿಲ್ಲಿಸಿದವರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿ ಬಂತು. ಬೈಕೂ ಇಲ್ಲ, ಔಷಧಾನೂ ಇಲ್ಲ ಅನ್ನೋ ಪರಿಸ್ಥಿತಿ.

ಇನ್ನೊಂದು ಐಡಿಯಾನೂ ಅವನ ಹತ್ರ ಇತ್ತು: ಪಕ್ಕದ ಮನೆಯವರ ಜೊತೆ ಒಂದೇ ಪೆನ್ ಹಂಚಿಕೊಳ್ಳೋದು. ಬೇಡವೇ ಬೇಡ. ಸೂಜಿ ಬದಲಿಸಿದ್ರೂ ರಕ್ತದ ಅಂಶ ಪೆನ್ ಒಳಗೆ ಹೋಗಿರಬಹುದು. ಬಿಲ್ ಇಲ್ಲದೆ, ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ರೇಟಿಗೆ ಸಿಗೋದೂ ಬೇಡ. ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲೇ ಎಚ್ಚರಿಸಿದೆ. ಅಸಲಿ ಆದ್ರೂ ತೆರೆಯದ ಪೆನ್ನನ್ನ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ನಮ್ಮ ಕಡೆ ಬ್ಯಾಸಿಗಿ, ಕರೆಂಟು ಎರಡೂ ಹೆಂಗಿರ್ತಾವೆ ಅಂತ ನಿಮಗೆ ಗೊತ್ತು!

ಹಾಗಾದ್ರೆ ಬಡವರಿಗೆ ಇದು ಯಾವತ್ತೂ ಸಿಗಲ್ವಾ? ಇಲ್ಲಿ ಸ್ವಲ್ಪ ಆಸೆ ಇದೆ. ಭಾರತದಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ಇದೇ ಮಾರ್ಚ್‌ಗೆ ಮುಗಿಯುತ್ತೆ, ನಮ್ಮ ದೇಶದ ಹಲವು ಕಂಪನಿಗಳು ತಯಾರಾಗಿ ಕೂತಿವೆ. ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ನೋಡಿ. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಮುಗೀತು. ಒಂದಕ್ಕೆ 60 ರೂಪಾಯಿ ಆಸುಪಾಸು ಇದ್ದದ್ದು, 10 ರೂಪಾಯಿಗೂ ಕಡಿಮೆಗೆ ಸಿಗೋಕೆ ಶುರುವಾಯ್ತು. ಇಂಜೆಕ್ಷನ್ ಅಷ್ಟೊಂದು ಇಳಿಯಲ್ಲ ಅಂತ ನನ್ನ ಅಂದಾಜು. ಪೆನ್ನು, ತಂಪು ಸಾಗಾಟ ಎಲ್ಲಾ ಖರ್ಚೇ. ಆದ್ರೂ ಈಗ ಬೈಕ್ ಮಾರೋಕಿಂತ ಕಾಯೋದು ಲೇಸು.

ಅದಕ್ಕೇ ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗು ಅಂದೆ. ಗಂಗಾವತಿ ಸರ್ಕಾರಿ ಆಸ್ಪತ್ರೇಲಿ ಕೂರಿಸಿ ಕೇಳಿದಾಗ ಬೇರೆನೇ ಹೊರಬಿತ್ತು. ದೊಡ್ಡವ್ವ ಬೆಳಿಗ್ಗೆ ಮಾತ್ರೆ ತಗೊಂಡು ರಾತ್ರೀದು ಬಿಡ್ತಿದ್ರಂತೆ, ಹೊರಗಿನ ಅಂಗಡಿ ಖರ್ಚು ಉಳಿಸೋಕೆ. ಮಗನಿಗೂ ಹೇಳಿರಲಿಲ್ಲ. ಅದೇ ಮೆಟ್‌ಫಾರ್ಮಿನ್ ಅಲ್ಲಿ ಪುಕ್ಕಟೆ ಕೊಟ್ರು. "ಮೂರು ತಿಂಗಳು ಎರಡೂ ಹೊತ್ತು ತಪ್ಪದೆ ತಗೊಳ್ಳಿ, ಆಮೇಲೆ ಎಚ್‌ಬಿಎ1ಸಿ ಮಾಡ್ಸೋಣ. ಇಂಜೆಕ್ಷನ್ ಬೇಕೋ ಬ್ಯಾಡೋ ಅವಾಗ ನೋಡೋಣ" ಅಂದ್ರಂತೆ ಡಾಕ್ಟರ್. ಪ್ಯಾಂಕ್ರಿಯಾಸ್ ಊತ ಆಗಿತ್ತಾ, ಮನೆಯಲ್ಲಿ ಯಾರಿಗಾದ್ರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ ಅಂತಾನೂ ಕೇಳಿ ಬರ್ಕೊಂಡ್ರಂತೆ.

ಬೈಕ್ ಸದ್ಯಕ್ಕೆ ಅವನ ಹತ್ರಾನೇ ಇದೆ. ಏಪ್ರಿಲ್‌ನಲ್ಲಿ ರಿಪೋರ್ಟ್ ಬರುತ್ತೆ, ಅಷ್ಟೊತ್ತಿಗೆ ಮೆಡಿಕಲ್ ಶಾಪ್‌ನ ಹೊಸ ರೇಟೂ ಗೊತ್ತಾಗಿರುತ್ತೆ. ಆವಾಗ ಮತ್ತೆ ಸಿಗೋಣ.