ನರ್ಸಮ್ಮನಿಗೂ ಸೂಜಿ ಕಡ್ಡಾಯವೇ?

ಪ್ರಶ್ನೆ: ಆಸ್ಪತ್ರೆಯ ಸಿಬ್ಬಂದಿ, ರೋಗಿಗಳು ಲಸಿಕೆ ಹಾಕಿಸಿಕೊಳ್ಳಲೇಬೇಕೆಂಬ ಕಾನೂನು ನಮ್ಮಲ್ಲಿದೆಯೇ?
– ಓದುಗರೊಬ್ಬರು, ಬಸವನ ಬಾಗೇವಾಡಿ

ಸಿಬ್ಬಂದಿಯ ಮಟ್ಟಿಗೆ ಒಂದು ನಿಯಮವಿದೆ. ಅದು ಅಡಗಿರುವುದು ಮಾತ್ರ ಕಸದ ಕಾನೂನಿನಲ್ಲಿ! ಕೇಂದ್ರದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬಳಸಿದ ಸೂಜಿ, ರಕ್ತ ಹತ್ತಿದ ಹತ್ತಿ ಮುಟ್ಟುವವರಿಗೆಲ್ಲ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಕೊಡಿಸಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯಿರಲಿ, ಬಸ್ ನಿಲ್ದಾಣದ ಬಳಿಯ ಪುಟ್ಟ ದವಾಖಾನೆಯಿರಲಿ, ಎಲ್ಲಕ್ಕೂ ಇದು ಅನ್ವಯ. ಗಮನಿಸಿ, ಹೊಣೆ ಆಸ್ಪತ್ರೆಯದು, ನರ್ಸಮ್ಮನದಲ್ಲ. ನೆಲ ಒರೆಸುವವರು, ಕಸದ ಚೀಲ ಹೊರುವವರೂ ಇದರಲ್ಲಿ ಸೇರಿದ್ದಾರೆ. ಅವರನ್ನೇ ಮೊದಲು ಮರೆಯುವುದು ನಮ್ಮ ಹಳೇ ಚಾಳಿ. ಹೆಪಟೈಟಿಸ್ ಬಿ ಲಸಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ: ಮೊದಲನೆಯದು, ತಿಂಗಳ ಬಳಿಕ ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು.

ಕೋವಿಡ್ ಲಸಿಕೆ 2021ರ ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದಲೇ ಶುರುವಾಯಿತು. ಸರದಿಯಲ್ಲಿ ಅವರು ಮೊದಲು, ಅಷ್ಟೆ. ಹಾಕಿಸಿಕೊಳ್ಳುವುದು ಅವರಿಚ್ಛೆಗೆ ಬಿಟ್ಟದ್ದೆಂದೇ ಕೇಂದ್ರ ಹೇಳಿತ್ತು. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ, ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಎಂದಿತು. ಆದರೆ ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಮಿತವಾದ ನಿರ್ಬಂಧ ಹೇರಬಹುದು ಎಂದೂ ಸೇರಿಸಿತು. ರೋಗಿಗೂ ಈ ಮಾತೇ ಸಲ್ಲುತ್ತದೆ. ನಾಯಿ ಕಚ್ಚಿ ಬಂದವರಿಗೆ ವೈದ್ಯರು ಒತ್ತಿ ಒತ್ತಿ ಹೇಳುವುದು ಜೀವದ ಮಾತು, ಕಾಯ್ದೆಯದಲ್ಲ.

ಹಿಂದೆ ಹೀಗಿರಲಿಲ್ಲ. ನಿಮ್ಮೂರು ಮುಂಬಯಿ ಪ್ರಾಂತದಲ್ಲಿದ್ದಾಗ, ಜಿಲ್ಲೆಗಳಿಗೆಂದೇ 1892ರಲ್ಲಿ ಸಿಡುಬಿನ ಲಸಿಕೆಯ ಕಾಯ್ದೆ ಬಂದಿತ್ತು. ಹಿರಿಯರ ತೋಳಿನ ಮೇಲಿನ ದುಂಡನೆಯ ಕಲೆ ನೋಡಿದ್ದೀರಲ್ಲ, ಅದು ‘ದೇವಿ ಹಾಕಿಸಿದ’ ಗುರುತು.